ಬೇಸಿಗೆಯಲ್ಲಿ ಸರಕು ವಾಹನಗಳಿಗೆ ಎಂಜಿನ್ ಆಯಿಲ್: ಗ್ರೇಡ್ ಆಯ್ಕೆ ಹೇಗೆ?

ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿ.ಟಿ.ಎಂ. ಬಡಾವಣೆಗಳ ವರ್ತಕರಿಗೂ ಸಣ್ಣ ಉತ್ಪಾದಕರಿಗೂ ಸರಕು ತಲುಪಿಸುವ ವಾಹನವು ಯಂತ್ರೋಪಕರಣದಷ್ಟೇ ಮುಖ್ಯವಾದ ಆಸ್ತಿ. ಮಾರ್ಚ್ ತಿಂಗಳು ಬಂತೆಂದರೆ "ಬಿಸಿಲು ಜಾಸ್ತಿ, ಗಟ್ಟಿ ಆಯಿಲ್ ಹಾಕಿಸಿ" ಎಂಬ ಸಲಹೆ ಗ್ಯಾರೇಜುಗಳಲ್ಲಿ ಕೇಳಿಬರುವುದು ವಾಡಿಕೆ. ಇದನ್ನು ಪರಿಶೀಲಿಸದೆ ಒಪ್ಪಿಕೊಳ್ಳುವುದು ಹಿತಕರವಲ್ಲ.

ಸಂಖ್ಯೆಗಳ ಅರ್ಥ

ಎಣ್ಣೆಯು ಹರಿಯುವಾಗ ಒಡ್ಡುವ ಪ್ರತಿರೋಧವೇ ಸ್ನಿಗ್ಧತೆ. ಎಸ್.ಎ.ಇ. ವರ್ಗೀಕರಣದಂತೆ ಡಬ್ಬಿಯ ಮೇಲೆ 5ಡಬ್ಲ್ಯೂ-30, 15ಡಬ್ಲ್ಯೂ-40, 20ಡಬ್ಲ್ಯೂ-50 ಎಂದು ಮುದ್ರಿತವಾಗಿರುತ್ತದೆ. ‘ಡಬ್ಲ್ಯೂ’ ಚಳಿಗಾಲದ ಸಂಕೇತ. ಮೊದಲ ಸಂಖ್ಯೆ ಚಿಕ್ಕದಾದಷ್ಟೂ ತಣ್ಣನೆಯ ಎಂಜಿನ್ ಚಾಲೂ ಆದಾಗ ಎಣ್ಣೆ ಬೇಗ ಹರಿಯುತ್ತದೆ. ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿನ ಸ್ನಿಗ್ಧತೆಯನ್ನು ತಿಳಿಸುತ್ತದೆ: 30 ಎಂದರೆ 9.3ರಿಂದ 12.5, 40 ಎಂದರೆ 12.5ರಿಂದ 16.3, 50 ಎಂದರೆ 16.3ರಿಂದ 21.9 ಸೆಂಟಿಸ್ಟೋಕ್.

ಬಿಸಿಲೋ, ದಟ್ಟಣೆಯೋ?

ಬೆಂಗಳೂರಿನಲ್ಲಿ 2016ರ ಏಪ್ರಿಲ್ 24ರಂದು 39.2 ಡಿಗ್ರಿ ಉಷ್ಣಾಂಶ ದಾಖಲಾಗಿತ್ತು. ಕಲಬುರಗಿ, ರಾಯಚೂರುಗಳಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಆದರೆ ನೀರಿನಿಂದ ತಂಪಾಗುವ ಎಂಜಿನ್ನಿನಲ್ಲಿ ಎಣ್ಣೆ ಸುಮಾರು 90ರಿಂದ 110 ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ. ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಸುಸ್ಥಿತಿಯಲ್ಲಿದ್ದರೆ ಹೊರಗಿನ ಐದಾರು ಡಿಗ್ರಿಗಳ ಏರಿಕೆಯಿಂದ ಗ್ರೇಡ್ ಬದಲಿಸಬೇಕಾಗಿಲ್ಲ.

ನಗರದಲ್ಲಿ ಎಣ್ಣೆಯನ್ನು ದಣಿಸುವುದು ಬಿಸಿಲಿಗಿಂತ ಹೆಚ್ಚಾಗಿ ದಟ್ಟಣೆ. ಉದಾಹರಣೆಗೆ, ಸಿಲ್ಕ್ ಬೋರ್ಡ್, ಬನಶಂಕರಿ ಕಡೆ ಆರು ಗಂಟೆಗಳಲ್ಲಿ 60 ಕಿ.ಮೀ. ಸಾಗುವ ವಾಹನವು 10,000 ಕಿ.ಮೀ. ಪೂರೈಸುವಾಗ ಅದರ ಎಂಜಿನ್ 1,000 ಗಂಟೆ ದುಡಿದಿರುತ್ತದೆ. ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 50 ಕಿ.ಮೀ.ನಂತೆ ಓಡುವ ವಾಹನಕ್ಕೆ ಅದೇ ದೂರಕ್ಕೆ 200 ಗಂಟೆ ಸಾಕು. ಮೀಟರಿನಲ್ಲಿ ಅಂಕಿ ಒಂದೇ, ದುಡಿಮೆ ಐದು ಪಟ್ಟು. ಆದ್ದರಿಂದ ನಗರದ ವಾಹನಕ್ಕೆ ಬೇಕಾದದ್ದು ಗಟ್ಟಿ ಆಯಿಲ್ ಅಲ್ಲ, ಬೇಗ ಬದಲಿಸಿದ ಆಯಿಲ್.

ಗಾಳಿಯಿಂದ ತಂಪಾಗುವ ದ್ವಿಚಕ್ರ ಹಾಗೂ ತ್ರಿಚಕ್ರ ವಾಹನಗಳಿಗೆ ಮಾತ್ರ ಬಿಸಿಲು, ನಿಧಾನಗತಿಗಳೆರಡೂ ನೇರವಾಗಿ ತಟ್ಟುತ್ತವೆ. ಅಲ್ಲಿಯೂ ತಯಾರಕರು ಸೂಚಿಸಿದ ಗ್ರೇಡನ್ನು ಮೀರುವಂತಿಲ್ಲ.

ಅತಿ ಗಟ್ಟಿಯಾದರೆ

5ಡಬ್ಲ್ಯೂ-30 ಸೂಚಿಸಿರುವ ಎಂಜಿನ್ನಿಗೆ 20ಡಬ್ಲ್ಯೂ-50 ಹಾಕಿದರೆ, ಬೆಳಗಿನ ಮೊದಲ ಚಾಲನೆಯಲ್ಲಿ ಎಣ್ಣೆ ಮೇಲ್ಭಾಗಕ್ಕೆ ತಡವಾಗಿ ತಲುಪುತ್ತದೆ. ಇಂಧನದ ಬಳಕೆಯೂ ಹೆಚ್ಚುತ್ತದೆ. ಅತಿ ತೆಳುವಾದರೆ ಲೋಹಗಳ ನಡುವಿನ ಪದರ ಹರಿದು ಸವೆತವಾಗುತ್ತದೆ. ಆಯಿಲ್ ಸುಡುವ ಹಳೆಯ ಎಂಜಿನ್ನಿಗೆ ಗಟ್ಟಿ ಎಣ್ಣೆ ಹಾಕುವುದು ದೋಷವನ್ನು ಮರೆಮಾಚುತ್ತದೆಯೇ ಹೊರತು ನಿವಾರಿಸುವುದಿಲ್ಲ.

ಗಮನಿಸಬೇಕಾದ ಅಂಶಗಳು

1. ವಾಹನದ ಕೈಪಿಡಿಯಲ್ಲಿ ಒಂದಕ್ಕಿಂತ ಹೆಚ್ಚು ಗ್ರೇಡ್‌ಗಳನ್ನು ಸೂಚಿಸಿದ್ದರೆ, ಸ್ಥಳೀಯ ಉಷ್ಣಾಂಶಕ್ಕೆ ಹೊಂದುವುದನ್ನು ಅವುಗಳೊಳಗಿಂದಲೇ ಆರಿಸತಕ್ಕದ್ದು.
2. ಗ್ರೇಡ್ ಜೊತೆಗೆ ಗುಣಮಟ್ಟದ ಸಂಕೇತವನ್ನೂ ನೋಡಬೇಕು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿ.ಎಸ್. 6 ಮಾನದಂಡದ ಡೀಸೆಲ್ ವಾಹನದಲ್ಲಿ ಮಸಿ ಸೋಸುವ ಫಿಲ್ಟರ್ ಇದ್ದರೆ ಕಡಿಮೆ ಬೂದಿಯ ಎಣ್ಣೆ ಬೇಕು.
3. ಕೈಪಿಡಿಯಲ್ಲಿ ‘ಕಠಿಣ ಬಳಕೆ’ಗೆ ಪ್ರತ್ಯೇಕ ಅವಧಿ ನೀಡಿದ್ದರೆ ನಗರದ ವಿತರಣಾ ವಾಹನಕ್ಕೆ ಅದನ್ನೇ ಅನುಸರಿಸಬೇಕು.
4. ವಾರಕ್ಕೊಮ್ಮೆ ಸಮತಟ್ಟಾದ ನೆಲದಲ್ಲಿ ಆಯಿಲ್ ಮಟ್ಟ ಪರೀಕ್ಷಿಸಬೇಕು. ಮಟ್ಟ ತಗ್ಗಿದ್ದರೆ ಯಾವ ಗ್ರೇಡ್ ಸಹ ರಕ್ಷಿಸದು.
5. ಜೆ.ಸಿ. ರಸ್ತೆಯಲ್ಲಿ ಕೊಂಡರೂ ಬಡಾವಣೆಯ ಅಂಗಡಿಯಲ್ಲಿ ಕೊಂಡರೂ ಮೊಹರು ಪರಿಶೀಲಿಸಿ, ಗ್ರೇಡ್ ನಮೂದಿಸಿದ ಬಿಲ್ ಪಡೆಯಬೇಕು. ವಾರಂಟಿಯ ವಿವಾದದಲ್ಲಿ ಅದೇ ಆಧಾರ. ತೆರಿಗೆಗೊಳಪಡುವ ವ್ಯವಹಾರದ ಸರಕು ವಾಹನಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಲೂ ಜಿ.ಎಸ್.ಟಿ. ಬಿಲ್ ಅಗತ್ಯ; ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ.

ಪ್ರತಿ ವಾಹನಕ್ಕೂ ಒಂದು ಪುಟವನ್ನು ಮೀಸಲಿಟ್ಟು ದಿನಾಂಕ, ಕಿ.ಮೀ., ಗ್ರೇಡ್, ಮೊತ್ತಗಳನ್ನು ಬರೆದಿಡುವುದು ಉತ್ತಮ. ಆಯಿಲ್ ಖರ್ಚು ವರ್ಷಕ್ಕೆ ಕೆಲವು ಸಾವಿರ ರೂಪಾಯಿಗಳದ್ದು; ಎಂಜಿನ್ ಬಿಚ್ಚಿದರೆ ದುರಸ್ತಿಯ ವೆಚ್ಚದೊಂದಿಗೆ ವಿತರಣೆ ನಿಂತ ದಿನಗಳ ನಷ್ಟವೂ ಸೇರುತ್ತದೆ.