ಒಂದೇ ‘ವ’, ಮೂರು ಪಥ್ಯ

ಅರಬ್ಬಿಯಲ್ಲಿ ‘ವ’ ಎಂದರೆ ‘ಮತ್ತು’. ಮೊದಲ ದಿನ ಇಷ್ಟು ಕಲಿತವರು ಸಾಮಾನ್ಯವಾಗಿ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಅದು ಎಂಥ ಕಿಲಾಡಿ ಎಂದು ತಿಳಿಯಲು ವ್ಯಾಕರಣ ಪಾಠದ ಒಂದು ಹಳೆಯ ಉದಾಹರಣೆ ಸಾಕು.

ಹಂತ 1: ವಾಕ್ಯವನ್ನು ಬಾಯಿಪಾಠ ಮಾಡಿ. ‘ಲಾ ತಅಕುಲಿ ಸ್ಸಮಕ ವ ತಶ್ರಬ್‌… ಲ್ಲಬನ.’ ಲಾ ಎಂದರೆ ಬೇಡ, ಸಮಕ್ ಮೀನು, ಲಬನ್ ಹಾಲು. ತಅಕುಲ್ ತಿನ್ನುವುದು, ತಶ್ರಬ್ ಕುಡಿಯುವುದು. (ದುಬೈ ಅಂಗಡಿಯಲ್ಲಿ ಲಬನ್ ಕೇಳಿದರೆ ಮಜ್ಜಿಗೆ ಕೊಡುತ್ತಾರೆ, ಇಲ್ಲಿ ಹಾಲೆಂದೇ ಇರಲಿ.) ಚುಕ್ಕಿ ಇಟ್ಟ ಜಾಗದಲ್ಲಿ ಒಂದು ಸ್ವರ ಬರಬೇಕು. ‘ವ’ ಯಾವ ಕೆಲಸ ಮಾಡುತ್ತಿದೆ ಎಂಬುದನ್ನು ಆ ಸ್ವರವೇ ಹೇಳುತ್ತದೆ.

ಹಂತ 2: ‘ತಶ್ರಬಿ’ ಎನ್ನಿ. ‘ವ’ ಈಗ ಬರೀ ಕೊಂಡಿ. ‘ಲಾ’ದ ನಿಷೇಧ ಅದನ್ನು ದಾಟಿ ಆಚೆಗೂ ಹೋಗುತ್ತದೆ: ಮೀನೂ ತಿನ್ನಬೇಡ, ಹಾಲೂ ಕುಡಿಯಬೇಡ. ಎರಡೂ ಬಂದ್. (ನಿಜವಾದ ರೂಪ ‘ತಶ್ರಬ್’, ಮುಂದಿನ ಪದಕ್ಕೆ ಸೇರಿಸಿ ಉಚ್ಚರಿಸಲಷ್ಟೇ ಆ ‘ಇ’.)

ಹಂತ 3: ‘ತಶ್ರಬ’ ಎನ್ನಿ. ಇದು ‘ವಾವುಲ್ ಮಇಯ್ಯ’, ಅಂದರೆ ‘ಜೊತೆಯ ವ’. ಮೀನು ತಿಂದು ಹಾಲು ಕುಡಿಯಬೇಡ. ಒಂದೊಂದಾದರೆ ಅಡ್ಡಿಯಿಲ್ಲ, ಜೋಡಿ ಕೂಡದು. ನಮ್ಮ ಮನೆಗಳಲ್ಲಿ ಹಿರಿಯರು ಹೇಳುವುದೂ ಇದನ್ನೇ. ಕನ್ನಡದಲ್ಲಿ ‘ತಿಂದು’ ಎಂಬ ರೂಪ ಮಾಡುವ ಕೆಲಸವನ್ನು ಅರಬ್ಬಿಯಲ್ಲಿ ಒಂದು ‘ವ’ ಮತ್ತು ಒಂದು ‘ಅ’ ಸೇರಿ ಮಾಡುತ್ತವೆ. ನನಗೆ ಮೂರರಲ್ಲಿ ತುಂಬ ಹಿಡಿಸಿದ್ದು ಇದೇ.

ಹಂತ 4: ‘ತಶ್ರಬು’ ಎನ್ನಿ. ನಿಷೇಧ ಮೀನಿಗೇ ನಿಂತಿತು. ‘ವ’ದಿಂದ ಹೊಸ ಮಾತು ಶುರು. ಮೀನು ತಿನ್ನಬೇಡ, ಹಾಲು ಬೇಕಾದರೆ ಕುಡಿ.

ಹಂತ 5: ಈಗ ಬರಹ ನೋಡಿ. ಪತ್ರಿಕೆಗಳಲ್ಲಿ ಹ್ರಸ್ವ ಸ್ವರಗಳ ಗುರುತು ಹಾಕುವುದಿಲ್ಲವಾದ್ದರಿಂದ ಮೂರೂ ವಾಕ್ಯ ಕಣ್ಣಿಗೆ ಒಂದೇ. ಆಡುಮಾತಿನಲ್ಲಂತೂ ಈ ಕೊನೆಯ ಸ್ವರಗಳೇ ಉದುರಿಹೋಗಿವೆ. ಹಾಗಾಗಿ ಹಿಂದುಮುಂದಿನ ಸಂದರ್ಭ ನೋಡಿ ಅರ್ಥ ಹಿಡಿಯಬೇಕು, ಆಮೇಲೆ ಸ್ವರ ಹಚ್ಚಿ ಓದಬೇಕು. ಕಲಿಯುವವರು ಎಡವುವುದು ಇಲ್ಲೇ: ಮೊದಲು ಓದಿ ಆಮೇಲೆ ಅರ್ಥ ಹುಡುಕುತ್ತಾರೆ.

ಹಂತ 6: ‘ವ’ ತೆಗೆದು ‘ಫ’ ಹಾಕಿ ನೋಡಿ. ‘ಲಾ ತಕ್ಸಲ್ ಫತನ್ದಮ’: ಸೋಮಾರಿಯಾಗಬೇಡ, ಸೋಮಾರಿಯಾದರೆ ಪಶ್ಚಾತ್ತಾಪ ಪಡುತ್ತೀಯ. ಅದೇ ‘ಅ’ ಸ್ವರ, ಆದರೆ ಈಗ ಜೊತೆಯಲ್ಲ, ಪರಿಣಾಮ. ಇಂಥ ಪುಟ್ಟ ಪದಗಳನ್ನೇ ಅಕಾರಾದಿಯಾಗಿ ಜೋಡಿಸಿ ಕೈರೋದ ಇಬ್ನ್ ಹಿಶಾಮ್ (ಮರಣ 1360) ಒಂದು ದೊಡ್ಡ ಗ್ರಂಥವನ್ನೇ ಬರೆದಿದ್ದಾನೆ. ಸದ್ಯಕ್ಕೆ ಈ ಮೀನು-ಹಾಲಿನ ವಾಕ್ಯವನ್ನೇ ಮೂರು ಸ್ವರದಲ್ಲಿ ಹತ್ತು ಸಲ ಜೋರಾಗಿ ಹೇಳಿ.