ದತ್ತು ಕೊಡುವ ಮುನ್ನ ಗೇಟಿನ ಸಂದಿ ನೋಡಿ

ಬೀದಿಯಲ್ಲಿ ಸಿಕ್ಕ ನಾಯಿಮರಿಯನ್ನು ಕೆಲವು ವಾರ ಸಾಕಿ, ಚೇತರಿಸಿಕೊಂಡ ಮೇಲೆ ಒಳ್ಳೆಯ ಮನೆಗೆ ದತ್ತು ಕೊಡುವ ಪರಿಪಾಠ ನಮ್ಮ ಊರುಗಳಲ್ಲೂ ಬೆಳೆಯುತ್ತಿದೆ. ‘ಫಾಸ್ಟರ್’ ಎಂದರೇನೆಂದು ಬಿಡಿಸಿ ಹೇಳುವ ಅಗತ್ಯ ಈಗಿಲ್ಲ. ಈ ಕೆಲಸಕ್ಕೆ ಕೈಹಾಕುವವರಲ್ಲಿ ಪ್ರೀತಿ ಧಾರಾಳವಾಗಿದೆ, ತಾಳ್ಮೆ ಮಾತ್ರ ಸಾಲದು. ಮರಿ ತಂದ ದಿನವೇ ಫೋಟೊ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾರೆ. ಮೊದಲು ಫೋನ್ ಮಾಡಿದವರ ಕೈಗೆ ಭಾನುವಾರ ಕೊಟ್ಟುಬಿಡುತ್ತಾರೆ. ಹೀಗೆ ಹೋದ ಮರಿ ಎಷ್ಟೋ ಸಲ ತಿಂಗಳೊಪ್ಪತ್ತಿನಲ್ಲಿ ವಾಪಸ್ ಬರುತ್ತದೆ, ಇಲ್ಲವೇ ಇನ್ನೊಂದು ಬೀದಿ ಸೇರುತ್ತದೆ. ಸಾಕಿದ್ದೆಲ್ಲ ಸರಿಯಿದ್ದು ಕೊಡುವುದರಲ್ಲಿ ಎಡವಿದರೆ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ತಾಯಿ ಹತ್ತಿರದಲ್ಲೇ ಇದ್ದು ಮರಿ ಗಟ್ಟಿಯಾಗಿದ್ದರೆ ಎತ್ತಿಕೊಂಡು ಬರಬೇಡಿ. ಎಂಟು ವಾರ ತುಂಬುವವರೆಗೆ ಅದಕ್ಕೆ ತಾಯಿಯೇ ಬೇಕು. ತರಲೇಬೇಕಾಗಿ ಬಂದರೆ ಅಂದೇ ಪಶುವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಜಂತುಹುಳುವಿನ ಔಷಧ ಹಾಕಿ. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣೆ ಕೂತಿದೆಯೇ ಹುಡುಕಿ. ಮನೆಯಲ್ಲಿ ಬೇರೆ ನಾಯಿಯಿದ್ದರೆ ಹೊಸ ಮರಿ 14 ದಿನ ಬೇರೆ ಕೋಣೆಯಲ್ಲಿರಲಿ. ಪಾರ್ವೊ ಎಂಬ ವೈರಾಣು ತಗುಲಿದ ಮರಿಯಲ್ಲಿ ವಾಂತಿ, ರಕ್ತಭೇದಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 7 ದಿನ, ಕೆಲವೊಮ್ಮೆ ಎರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಅದು ಲವಲವಿಕೆಯಿಂದಲೇ ಆಡಿಕೊಂಡಿರಬಹುದು. ಈ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಮಾಮೂಲಿ ಫಿನಾಯಿಲ್‌ಗೆ ಜಗ್ಗುವುದಿಲ್ಲ. ಒಂದು ಲೀಟರ್ ನೀರಿಗೆ ಸುಮಾರು 30 ಮಿ.ಲೀ. ಮನೆಬಳಕೆಯ ದ್ರವ ಬ್ಲೀಚ್ ಬೆರೆಸಿ ನೆಲ ಒರೆಸಿ, ಹತ್ತು ನಿಮಿಷ ಹಾಗೇ ಬಿಡಿ. ಮೊದಲ ಲಸಿಕೆ 6ರಿಂದ 8 ವಾರಕ್ಕೆ, ಮುಂದಿನವು 16 ವಾರ ತುಂಬುವವರೆಗೆ ವೈದ್ಯರು ಹೇಳಿದ ಅಂತರದಲ್ಲಿ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಪದೇ ಪದೇ ಮರಿ ತರುವವರು ತಾವೂ ರೇಬಿಸ್ ಮುಂಜಾಗ್ರತಾ ಲಸಿಕೆ ಹಾಕಿಸಿಕೊಂಡಿರಬೇಕು. ಹಲ್ಲು ತಾಗಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಮೆತ್ತಬೇಡಿ.

ಈ ವಾರಗಳಲ್ಲೇ ಮರಿಯ ಸ್ವಭಾವ ಗಮನಿಸಿ ಬರೆದಿಡಿ. ಕುಕ್ಕರ್ ಕೂಗಿದರೆ ಮಂಚದಡಿ ಸೇರುತ್ತದೆಯೇ? ತಟ್ಟೆಯ ಹತ್ತಿರ ಕೈ ತಂದರೆ ಗುರುಗುಟ್ಟುತ್ತದೆಯೇ? ಒಂಟಿಯಾಗಿ ಎಷ್ಟು ಹೊತ್ತು ಇರಬಲ್ಲದು? ಸುಮಾರು ಮೂರರಿಂದ ಹದಿನಾಲ್ಕನೇ ವಾರದ ನಡುವೆ ಕಂಡು ಕೇಳಿದ್ದಕ್ಕೆ ಮರಿ ಸುಲಭವಾಗಿ ಹೊಂದಿಕೊಳ್ಳುತ್ತದೆ. ಹಾಗಾಗಿ ಮಿಕ್ಸಿಯ ಸದ್ದು, ಮಕ್ಕಳ ಗಲಾಟೆ, ಹೊಸಬರ ಮುಖ ಎಲ್ಲವನ್ನೂ ಮೆಲ್ಲಗೆ ಪರಿಚಯಿಸಿ. ದತ್ತು ಪ್ರಕಟಣೆಯಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಿರಿ. ‘ತುಂಬಾ ಸಾಧು’ ಎಂದು ಕೊಟ್ಟ ಮರಿ ಮೊದಲ ವಾರವೇ ಚಪ್ಪಲಿ ಹರಿದರೆ ಅದನ್ನು ಪಡೆದವರಿಗೆ ಮೋಸಹೋದಂತೆ ಅನ್ನಿಸುತ್ತದೆ.

ಇನ್ನು, ಬಹಳಷ್ಟು ಜನ ಬಿಟ್ಟುಬಿಡುವ ಹೆಜ್ಜೆ: ದತ್ತು ಕೇಳಿದವರ ಮನೆಗೆ ಹೋಗಿ ನೋಡುವುದು. ವಿಡಿಯೊ ಕರೆಯಲ್ಲಿ ಅವರು ತೋರಿಸಿದ್ದಷ್ಟೇ ನಿಮಗೆ ಕಾಣುತ್ತದೆ. ಹೋದವರು ಮೊದಲು ಗೇಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮರಿಯ ಎತ್ತರದಿಂದ ನೋಡಿ. ಅದರ ತಲೆ ತೂರುವ ಸಂದಿಯಲ್ಲಿ ಮೈಯೂ ತೂರುತ್ತದೆ. ಸರಳುಗಳ ನಡುವೆ ನಿಮ್ಮ ಮುಷ್ಟಿ ಹಿಡಿಸಿದರೆ, ಅಲ್ಲಿ ಜಾಲರಿ ಕಟ್ಟಿಸಿದ ಮೇಲೆಯೇ ಮರಿ ಹೋಗಬೇಕು. ಗೇಟಿನ ಕೆಳಗೆ, ಸ್ಕೂಟರ್ ಹತ್ತಿಸುವ ಇಳಿಜಾರಿನ ಬಳಿ ಎಷ್ಟು ತೆರವಿದೆ, ಬಾಲ್ಕನಿಗೆ ಗ್ರಿಲ್ ಇದೆಯೇ, ತಾರಸಿಯ ಮೋಟುಗೋಡೆ ಎಷ್ಟೆತ್ತರ ಎಂಬುದನ್ನೂ ನೋಡಿ. ಆಮೇಲೆ ಒಳಗೆ ಕೂತು ಮನೆಮಂದಿಯನ್ನೆಲ್ಲ ಮಾತಾಡಿಸಿ. ಫೋನ್ ಮಾಡಿದ್ದು ಮಗನಾದರೂ ದಿನಾ ಅನ್ನ ಕಲಸಿ ಹಾಕುವವರು, ನೆಲದ ಮೇಲಿನ ಉಚ್ಚೆ ಒರೆಸುವವರು ಅವನ ತಾಯಿಯಾಗಿರಬಹುದು. “ನಿಮಗೆ ಒಪ್ಪಿಗೆಯೇನಮ್ಮಾ?” ಎಂದು ಅವರನ್ನೇ ಕೇಳಿ, ಮಗ ಉತ್ತರ ಕೊಡಲು ಬಿಡಬೇಡಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. “ಓನರ್ ಏನೂ ಅನ್ನಲ್ಲ” ಎಂಬ ಮಾತನ್ನು ನಂಬಿ ಕೊಡಬೇಡಿ. “ಇಲ್ಲೇ ಕಟ್ಟಿರುತ್ತೇವೆ” ಎಂದು ಕಂಬ ತೋರಿಸಿದರೆ ಕೈಮುಗಿದು ಎದ್ದು ಬನ್ನಿ. ಗಿಡ್ಡ ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ.

ಇಷ್ಟೆಲ್ಲ ತನಿಖೆ ಮಾಡಿದರೆ ಯಾರು ತಾನೇ ಮುಂದೆ ಬರುತ್ತಾರೆ ಎಂಬ ಆಕ್ಷೇಪವಿದೆ. ಅರ್ಧ ಗಂಟೆಯ ಪ್ರಶ್ನೆಗೆ ಬೇಸರಪಡುವವರು ಹತ್ತು ಹನ್ನೆರಡು ವರ್ಷದ ಜವಾಬ್ದಾರಿ ಹೊರುತ್ತಾರೆಂದು ನಂಬುವುದು ಕಷ್ಟ. ನಿಜಕ್ಕೂ ತೂಕವಿರುವ ಆಕ್ಷೇಪ ಇನ್ನೊಂದು: ಒಂದು ಮರಿಗೆ ಇಷ್ಟು ಸಮಯ ಹೋದರೆ ಮೋರಿ ಪಕ್ಕದಲ್ಲಿ ಕಾದಿರುವ ಉಳಿದವುಗಳ ಗತಿಯೇನು? ಆದರೆ ಅವಸರದಲ್ಲಿ ಕೊಟ್ಟ ಮರಿ ವಾಪಸ್ ಬರುವಾಗ ಏಳೆಂಟು ತಿಂಗಳ ನಾಯಿಯಾಗಿರಬಹುದು, ಹೊಸಬರನ್ನು ಕಂಡರೆ ಹೆದರಬಹುದು. ಕೇಳಿ ಬರುವವರಿಗೆ ಹೆಚ್ಚಾಗಿ ಬೇಕಾದದ್ದು ಪುಟ್ಟ ಮರಿ. ಹೀಗೆ ಬಂದದ್ದು ತಿಂಗಳುಗಟ್ಟಲೆ ನಿಮ್ಮಲ್ಲೇ ಉಳಿದರೆ, ಮೋರಿ ಪಕ್ಕದ ಮರಿಗೆ ಸಿಗಬೇಕಿದ್ದ ಜಾಗವೂ ಹೋಯಿತು. ಎರಡು ವಾರ ಕಾಯುವುದರಿಂದ ಆಗುವ ನಷ್ಟ ಇದಕ್ಕಿಂತ ಎಷ್ಟೋ ಕಡಿಮೆ.

ಕೊನೆಯದಾಗಿ, ಒಪ್ಪಿಸುವ ಕ್ರಮ. ಬೆಳಗಿನ ಹೊತ್ತು, ಕೊರಳಪಟ್ಟಿ ಮತ್ತು ಹಾರ್ನೆಸ್ ಎರಡನ್ನೂ ಹಾಕಿ ಕಳಿಸಿ. ಹೊಸ ಮನೆಯಿಂದ ನಾಯಿ ತಪ್ಪಿಸಿಕೊಳ್ಳುವ ಅಪಾಯ ಮೊದಲ ಕೆಲವು ದಿನ ಹೆಚ್ಚು. ಲಸಿಕೆ ಕಾರ್ಡ್, ತಿನ್ನುತ್ತಿದ್ದ ಆಹಾರ, ಮಲಗುತ್ತಿದ್ದ ಬಟ್ಟೆ ಜೊತೆಗಿರಲಿ. ವಿಳಾಸದ ದಾಖಲೆ ಪಡೆದು, ವೈದ್ಯರು ಹೇಳಿದ ವಯಸ್ಸಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಮಾತನ್ನು ಬರೆಸಿಕೊಳ್ಳಿ. ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆಯನ್ನು ಸುಪ್ರೀಂ ಕೋರ್ಟ್‌ನ 2025ರ ಆಗಸ್ಟ್ 22ರ ಆದೇಶವೂ ದತ್ತು ಪಡೆದವರ ಮೇಲೆಯೇ ಹೊರಿಸಿದೆ. ಇದನ್ನು ತಿಳಿಸಿ ಹೇಳಿ. ಮೂರನೇ ದಿನ, ಮೂರನೇ ವಾರ, ಮೂರನೇ ತಿಂಗಳು ಫೋನ್ ಮಾಡಿ ವಿಚಾರಿಸಿ. ಸಾಕಲಾಗದಿದ್ದರೆ ನಮಗೇ ತಂದುಕೊಡಿ ಎಂದೂ ಬರೆಸಿ. ತಂದುಕೊಟ್ಟವರನ್ನು ಬೈಯಬೇಡಿ. ಬೈಗುಳಕ್ಕೆ ಹೆದರಿದವರು ನಾಯಿಯನ್ನು ನಿಮ್ಮ ಬಾಗಿಲಿಗೆ ತರುವ ಬದಲು ರಿಂಗ್ ರಸ್ತೆಯಲ್ಲಿ ಬಿಟ್ಟು ಹೋಗುತ್ತಾರೆ.