ಮೈಬಣ್ಣ ಸಾಕ್ಷಿಯಾಗದು



ಮಾಕಳಿಯಿಂದ ತುಮಕೂರು ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಹೊರಟರೆ ಎಂಟನೇ ಮೈಲಿಯ ಬಳಿ ಹೆಸರಘಟ್ಟ ರಸ್ತೆ ಕವಲೊಡೆಯುತ್ತದೆ. ಪೀಣ್ಯದ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವವರು ದಿನವೂ ದಾಟುವ ತಿರುವು ಅದು.

2016ರ ಜನವರಿ 31ರ ಭಾನುವಾರ ಸಂಜೆ ಆ ಹೆಸರಘಟ್ಟ ರಸ್ತೆಯಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಹರಿದು 35 ವರ್ಷದ ಮಹಿಳೆಯೊಬ್ಬರು ತೀರಿಕೊಂಡರು. ಜನ ಸಿಟ್ಟಿಗೆದ್ದರು. ಒಂದು ಜೀವ ಹೋದಾಗ ಸಿಟ್ಟು ಬರುವುದು ಸಹಜ. ಸುಮಾರು ಅರ್ಧ ಗಂಟೆಯ ನಂತರ ಟಾಂಜಾನಿಯಾ ದೇಶದ 21 ವರ್ಷದ ವಿದ್ಯಾರ್ಥಿನಿಯೊಬ್ಬಳು ಗೆಳೆಯರೊಡನೆ ಅದೇ ದಾರಿಯಲ್ಲಿ ಕಾರಿನಲ್ಲಿ ಬಂದಳು. ಗುಂಪು ಅವರ ಮೇಲೆ ಬಿದ್ದು ಹೊಡೆಯಿತು, ಆಕೆಯ ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಸುಡಾನ್ ಮತ್ತು ಟಾಂಜಾನಿಯಾ ಬೇರೆ ಬೇರೆ ದೇಶಗಳು. ಅವುಗಳ ಗಡಿ ಕೂಡ ಒಂದನ್ನೊಂದು ತಾಗುವುದಿಲ್ಲ. ಗುಂಪಿನ ಕಣ್ಣಿಗೆ ಕಂಡದ್ದು ಮೈಬಣ್ಣವೊಂದೇ.

ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಎಂದು ಅಂದಿನ ಗೃಹ ಸಚಿವ ಜಿ. ಪರಮೇಶ್ವರ ಹೇಳಿದರು. ನಾವು ಶಾಂತವಾಗಿ ಯೋಚಿಸೋಣ. ಅದು ಅಪಘಾತದ ಸಿಟ್ಟೇ ಆಗಿದ್ದರೆ ಆ ಚಾಲಕನೊಬ್ಬನ ಹತ್ತಿರವೇ ನಿಲ್ಲಬೇಕಿತ್ತಲ್ಲವೇ? ಬೇರೊಬ್ಬಳನ್ನು ಹೊಡೆದದ್ದರಿಂದ ತೀರಿಕೊಂಡ ಆ ತಾಯಿಯ ಮನೆಯವರಿಗೆ ಸಿಕ್ಕ ನ್ಯಾಯವಾದರೂ ಏನು?

ಹೆಸರುವಾಸಿಯಾದವರಿಗೂ ಇದು ತಪ್ಪಿದ್ದಲ್ಲ. ಆಟದ ಮೈದಾನದಲ್ಲಿ ಕಪ್ಪು ಆಟಗಾರನಿಗೆ ಚಪ್ಪಾಳೆ ತಟ್ಟುವ ಜನ, ಅವನ ಮೇಲೆ ಆರೋಪ ಬಂದ ದಿನ ಅವನ ಬಣ್ಣವನ್ನು ಎತ್ತಿ ಆಡುತ್ತಾರೆ. 1994ರ ಜೂನ್ ತಿಂಗಳಲ್ಲಿ ಅಮೆರಿಕದ ಪ್ರಸಿದ್ಧ ಮಾಜಿ ಫುಟ್‌ಬಾಲ್ ಆಟಗಾರ ಓ. ಜೆ. ಸಿಂಪ್ಸನ್, ತನ್ನ ಮಾಜಿ ಪತ್ನಿಯನ್ನೂ ಒಬ್ಬ ಯುವಕನನ್ನೂ ಕೊಂದ ಆರೋಪದ ಮೇಲೆ ಬಂಧಿತನಾದ. ಪೊಲೀಸರು ತೆಗೆದ ಒಂದೇ ಫೋಟೋವನ್ನು 'ಟೈಮ್' ಮತ್ತು 'ನ್ಯೂಸ್‌ವೀಕ್' ವಾರಪತ್ರಿಕೆಗಳೆರಡೂ ಮುಖಪುಟದಲ್ಲಿ ಅಚ್ಚು ಹಾಕಿದವು. 'ಟೈಮ್' ಪತ್ರಿಕೆಯಲ್ಲಿ ಮಾತ್ರ ಆತನ ಮುಖವನ್ನು ಇನ್ನಷ್ಟು ಕಪ್ಪಾಗಿಸಲಾಗಿತ್ತು. ಭಾರೀ ಆಕ್ಷೇಪ ಎದ್ದು ಸಂಪಾದಕರು ವಿವರಣೆ ಕೊಡಬೇಕಾಯಿತು. 1995ರಲ್ಲಿ ಆತ ಕ್ರಿಮಿನಲ್ ಮೊಕದ್ದಮೆಯಿಂದ ಬಿಡುಗಡೆಯಾದ. 1997ರಲ್ಲಿ ಸಿವಿಲ್ ನ್ಯಾಯಾಲಯದಲ್ಲಿ ಆ ಸಾವುಗಳಿಗೆ ಆತನೇ ಹೊಣೆಯೆಂದು ತೀರ್ಮಾನವಾಯಿತು. ಸತ್ತ ಇಬ್ಬರ ಮನೆಯವರು ಕೇಳಿದ್ದು ನ್ಯಾಯವನ್ನು. ಮುಖಕ್ಕೆ ಮಸಿ ಬಳಿದರೆ ಸಾಕ್ಷ್ಯ ಗಟ್ಟಿಯಾಗುವುದಿಲ್ಲ.

ನಮ್ಮ ನೆರೆಯ ಕೇರಳದಲ್ಲೂ ಹೀಗಾಯಿತು. 2024ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಅರೀಕೋಡಿನ ಬಳಿ ಫುಟ್‌ಬಾಲ್ ಆಡಲು ಬಂದಿದ್ದ ಐವರಿ ಕೋಸ್ಟ್ ದೇಶದ ಆಟಗಾರನನ್ನು ಪ್ರೇಕ್ಷಕರು ಅಟ್ಟಿಸಿಕೊಂಡು ಹೋಗಿ ಹೊಡೆದರು. ಆತ ಪ್ರೇಕ್ಷಕನೊಬ್ಬನನ್ನು ಒದ್ದನೆಂದು ಅವರ ದೂರು. ತನ್ನ ಬಣ್ಣವನ್ನು ಹೀಯಾಳಿಸಿ ಕಲ್ಲೆಸೆದರೆಂದು ಆತನ ದೂರು. ಯಾರದು ಸರಿ ಎಂಬುದನ್ನು ವಿಚಾರಣೆ ಮಾಡಿ ತಿಳಿಯಬೇಕು. ಗುಂಪು ಕೈಯೆತ್ತಿದ ಮೇಲೆ ವಿಚಾರಣೆಗೆ ಎಡೆಯೆಲ್ಲಿ?

ಇದು ಪರದೇಶಿಗಳ ಮಾತು, ನಮಗೇಕೆ ಎನ್ನಬೇಡಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಕಾಡಂಚಿನಲ್ಲಿ ಬಾಳುವ ಸಿದ್ದಿ ಜನರ ಪೂರ್ವಿಕರು ಆಫ್ರಿಕದಿಂದ ಬಂದವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ನಮ್ಮ ಹಾಗೆಯೇ ಕಥೋಲಿಕರೂ ಇದ್ದಾರೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿ ಕೊಟ್ಟಿತು. ಅಂದು ಸಂಜೆ ಹೆಸರಘಟ್ಟ ರಸ್ತೆಯಲ್ಲಿ ಒಬ್ಬ ಸಿದ್ದಿ ಯುವಕ ನಡೆದು ಬಂದಿದ್ದರೆ, 'ನಾನೂ ಕನ್ನಡದವನೇ' ಎಂದು ಹೇಳಲು ಗುಂಪು ಅವನಿಗೆ ಬಿಡುವು ಕೊಡುತ್ತಿತ್ತೇ?

ಸಂತ ಯೊವಾನ್ನರ ಶುಭಸಂದೇಶದ 7ನೇ ಅಧ್ಯಾಯದಲ್ಲಿ, ಯೇಸುವನ್ನು ಹಿಡಿದು ತರಬೇಕೆಂದು ಹಿರಿಯರೆಲ್ಲ ಕೂಗುವಾಗ ನಿಕೊದೇಮನೊಬ್ಬ ಎದ್ದು, ಮನುಷ್ಯನ ಮಾತು ಕೇಳದೆ ಅವನಿಗೆ ತೀರ್ಪು ಕೊಡಬಹುದೇ ಎಂದು ವಿಚಾರಿಸಿದ. ಕೂಡಲೇ ಅವರು ಅವನನ್ನೇ 'ನೀನೂ ಗಲಿಲೇಯದವನೋ' ಎಂಬಂತೆ ಹಂಗಿಸಿದರು. ಊರಿನ ಹೆಸರೇ ಅಲ್ಲಿ ತಪ್ಪಿನ ಗುರುತಾಯಿತು!

ಮಾಕಳಿಯ ಸುತ್ತಲಿನ ಬಾಡಿಗೆ ಕೋಣೆಗಳಲ್ಲಿ ದೂರದ ರಾಜ್ಯಗಳಿಂದ ಬಂದ ಕೂಲಿಯವರಿದ್ದಾರೆ. ಎಲ್ಲೋ ಒಂದು ಮೊಬೈಲ್ ಕಳುವಾದರೆ 'ಆ ಕಡೆಯವರೇ ಹಾಗೆ' ಎಂಬ ಮಾತು ನಮ್ಮ ಜಗುಲಿಯಿಂದಲೂ ಹೊರಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಮನೆ ದಾಟುತ್ತದೆ. ಪಕ್ಕದಲ್ಲಿ ಕುಳಿತು ಕೇಳುವ ಮಗು ಅದನ್ನು ಪಾಠವೆಂದೇ ಕಲಿಯುತ್ತದೆ. ತಪ್ಪು ಮಾಡಿದವನು ಕಾನೂನಿಗೆ ಉತ್ತರ ಕೊಡಲಿ. ಅವನ ಬಣ್ಣದವರು, ಭಾಷೆಯವರು, ಊರಿನವರು ಅದರ ಸಾಲ ತೀರಿಸಬೇಕಾಗಿಲ್ಲ.

ಈ ವಾರ ಮನೆಮಂದಿ ಕೂಡಿ ಚರ್ಚಿಸಿರಿ:

1. ಒಬ್ಬನ ತಪ್ಪಿಗೆ ಅವನ ಜನರನ್ನೆಲ್ಲ ದೂರುವ ಯಾವ ಮಾತುಗಳು ನಮ್ಮ ಮನೆಯಲ್ಲಿ ಬಳಕೆಯಲ್ಲಿವೆ?
2. ಗುಂಪು ಒಬ್ಬರನ್ನು ಹೊಡೆಯುವುದನ್ನು ಕಂಡರೆ ನಾವು ಯಾರಿಗೆ ಫೋನ್ ಮಾಡಬೇಕು, ಏನು ಹೇಳಬೇಕು?
3. ಶಾಲೆಯಲ್ಲಿ ಬಣ್ಣದ ಕಾರಣಕ್ಕೆ ಅಡ್ಡಹೆಸರು ಪಡೆದ ಮಕ್ಕಳಿದ್ದಾರೆಯೇ? ಅವರನ್ನು ಅವರ ನಿಜವಾದ ಹೆಸರಿನಿಂದಲೇ ಕರೆಯುತ್ತೇವೆಯೇ?